ಮೇಲೆ ಮನೆ ಖಾಲಿ ಇದೆ

ನಮ್ಮ ಮನೆಯಲ್ಲಿ ಎರಡು ಅಡುಗೆಮನೆಗಳಿದ್ದವು. ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಒಳಗಿನದು ಅಮ್ಮನದು: ಕಡಪಾ ಕಲ್ಲಿನ ಕಟ್ಟೆ, ಗ್ಯಾಸ್ ಒಲೆ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಸ್ಟೀಲ್ ಸ್ಟ್ಯಾಂಡು. ಹಿತ್ತಲಿನದು ಅಜ್ಜಿಯದು: ನಾಲ್ಕು ಕಂಬದ ಮೇಲೆ ಶೀಟು ಹೊದಿಸಿದ ಚಪ್ಪರ, ಅದರಡಿ ಅಜ್ಜಿ ತಾನೇ ಮೆತ್ತಿದ ಮಣ್ಣಿನ ಒಲೆ, ಪಕ್ಕದಲ್ಲಿ ಒರಳುಕಲ್ಲು, ಆಚೆಗೆ ಬಾವಿ ಮತ್ತು ಒಂದು ನುಗ್ಗೆಮರ. ಅಮ್ಮ ಅನ್ನ, ಕಾಫಿ, ದೋಸೆಗಳ ಒಡತಿ. ಮುದ್ದೆ, ಬಸ್ಸಾರು ಮತ್ತು ಭಾನುವಾರದ ಕೋಳಿ ಸಾರು ಮಾತ್ರ ಹಿತ್ತಲಿನಿಂದಲೇ ಬರಬೇಕು. ಗ್ಯಾಸಿನ ಮೇಲೆ ತಿರುವಿದ ಮುದ್ದೆಯನ್ನು ಅಜ್ಜಿ ಕೈಯಿಂದ ಮುಟ್ಟಿ ನೋಡಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿದವಳಂತೆ ಮುಖ ಮಾಡಿ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದಳು. ತಿಲಕ್ ನಗರ ದಾಟಿ ಬಿ.ಟಿ.ಎಂ. ಲೇಔಟಿನ ಕಡೆ ಬರುವಾಗ, ಅಳತೆ ಪಟ್ಟಿ ಹಿಡಿದು ಗೆರೆ ಎಳೆದಂಥ ರಸ್ತೆಗಳ ನಡುವೆ ಇದ್ದಕ್ಕಿದ್ದಂತೆ ಅಂಕುಡೊಂಕಾದ ನಾಲ್ಕು ಬೀದಿಗಳು ಸಿಗುತ್ತವಲ್ಲ, ಅದು ನಮ್ಮ ಹಳ್ಳಿ. ಸುತ್ತಲಿನ ಹೊಲಗಳೆಲ್ಲ ಲೇಔಟಾದ ಮೇಲೂ ಉಳಿದುಕೊಂಡ ತುಣುಕು. ಯಾರಾದರೂ ಗೇಟಿನ ಮುಂದೆ ನಿಂತು ಹದಿನಾರನೇ ಮೇನ್ ಎಲ್ಲಿ ಬರುತ್ತೆ ಅಂತ ಕೇಳಿದರೆ ಅಜ್ಜಿ, "ಅದಾ? ನಮ್ ಅವರೆ ಹೊಲ. ಹಿಂಗೇ ನೆಟ್ಟಗೆ ಹೋಗಪ್ಪ" ಅನ್ನುತ್ತಿದ್ದಳು. ಕೇಳಿದವರು ಇನ್ನಷ್ಟು ದಾರಿ ತಪ್ಪುತ್ತಿದ್ದರು.

ಅಪ್ಪನಿಗೆ ಸಿಮೆಂಟು ಅಂಗಡಿ ಇತ್ತು. ಜಯನಗರದಲ್ಲಿ ಮನೆ ಕಟ್ಟಿಸುವವರಿಗೆ ಮೂಟೆ ಇಳಿಸಲು ದಿನಾ ಹೋಗುತ್ತಿದ್ದ. ಅಲ್ಲಿನ ಮರಗಳು, ಕಾಂಪೌಂಡುಗಳು, ಗೇಟಿನ ಮೇಲಿನ ಹೆಸರುಗಳು, ಎಲ್ಲದರ ಮೇಲೂ ಅವನಿಗೆ ಒಂದು ಬಗೆಯ ಭಕ್ತಿ. ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯ ಮೇಲೆ ಮಹಡಿ ಏರಿಸಿದ. ಎರಡು ರೂಮು, ಒಂದು ಹಾಲ್, ಮೊಸಾಯಿಕ್ ನೆಲ. ಬಾಡಿಗೆಗೆ ಕೊಡಲು ಬೋರ್ಡು ಬೇಕಲ್ಲ, ಜಯನಗರದ ಒಂದು ಗೇಟಿನಲ್ಲಿ ತೂಗುತ್ತಿದ್ದ ಬೋರ್ಡನ್ನು ಬಿಲ್ ಪುಸ್ತಕದ ಹಿಂಬದಿಯಲ್ಲಿ ಅಕ್ಷರ ಬಿಡದೆ ಬರೆದುಕೊಂಡು ಬಂದು ಪೇಂಟರಿಗೆ ಕೊಟ್ಟ. ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಅಂದವಾಗಿ ಮೂಡಿತು: 'ಮನೆ ಬಾಡಿಗೆಗೆ ಇದೆ. ಸಣ್ಣ ಸಸ್ಯಾಹಾರಿ ಕುಟುಂಬಕ್ಕೆ ಮಾತ್ರ.' ಅಮ್ಮ ಅದನ್ನು ಎರಡು ಸಲ ಓದಿದಳು.

"ರೀ, ನಾವೇ ತಿಂತೀವಲ್ರೀ?"

"ನಾವು ಓನರ್ ಕಣೇ. ಬೋರ್ಡ್ ಇರೋದು ಬಾಡಿಗೆಯವ್ರಿಗೆ. ಜಯನಗರದಲ್ಲಿ ಎಲ್ಲಾ ಹಿಂಗೇ ಹಾಕವ್ರೆ. ಡೀಸೆಂಟ್ ಜನ ಬರ್ತಾರೆ ನೋಡ್ತಿರು."

ಡೀಸೆಂಟ್ ಜನ ಬಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ. ಮನೆ ನೋಡಲು ಅವರಿಗೆ ಬಿಡುವು ಸಿಕ್ಕಿದ್ದು ಭಾನುವಾರ. ಅಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು ಮಹಡಿಯನ್ನೆಲ್ಲ ತೋರಿಸಿದ. ಅವರಿಗೆ ಕಿಟಕಿ ಹಿಡಿಸಿತು, ನಲ್ಲಿ ಹಿಡಿಸಿತು, ನೆಲ ಹಿಡಿಸಿತು. ಮೆಟ್ಟಿಲಿಳಿಯುವಾಗ ಹಿತ್ತಲಿನ ಒಲೆಯಿಂದ ಹುರಿದ ಮಸಾಲೆಯ ಘಮ ಏರಿ ಬಂತು. ಆ ಹೆಂಗಸು ಸೆರಗನ್ನು ಮೂಗಿಗೆ ತಂದು, ಇದು ಯಾರ ಮನೆಯದು ಅಂತ ಕೇಳಿದರು. ಅಪ್ಪ ಕಣ್ಣು ಮಿಟುಕಿಸದೆ, ಪಕ್ಕದ ಮನೆಯವರದು ಮೇಡಂ, ಏನ್ಮಾಡೋದು, ಎಂಥೆಂಥಾ ಜನ ಸಿಗ್ತಾರೆ ಅಂದ. ಅಷ್ಟು ಹೊತ್ತಿಗೆ ಸರಿಯಾಗಿ ಅಜ್ಜಿ ಸೌಟು ಹಿಡಿದುಕೊಂಡೇ ಹಿತ್ತಲಿಂದ ಬಂದಳು.

"ಮನೆ ನೋಡಾಯ್ತೇನವ್ವ? ಬಿಸಿ ಮುದ್ದೆ ಐತೆ, ಕೋಳಿ ಸಾರು ಐತೆ. ಒಂದ್ ತುತ್ತು ಉಂಡ್ಕಂಡೇ ಹೋಗಿ. ನಾಳೆ ಒಂದೇ ಮನೇಲಿ ಇರೋ ಜನ, ಹಸ್ಕಂಡು ಹೋಗಬಾರ್ದು."

ಆ ದಂಪತಿಗಳು ಹೇಗೆ ಗೇಟು ದಾಟಿದರೋ ನನಗೆ ನೆನಪಿಲ್ಲ. ಅಪ್ಪನ ಮುಖ ಮಾತ್ರ ನೆನಪಿದೆ. ಬಾಡಿಗೆಯವರು ಸಿಗುವ ತನಕ ಮನೆಯಲ್ಲಿ ಮಾಂಸದ ಅಡುಗೆ ಬಂದ್ ಅಂತ ಅಂದೇ ಆಜ್ಞೆಯಾಯಿತು. ಅಜ್ಜಿ ಜಗಳವಾಡಲಿಲ್ಲ. ಭಾನುವಾರ ಬಂದರೆ ಬರೀ ಮುದ್ದೆ ಮಾಡಿ, ತಟ್ಟೆಯಲ್ಲಿ ಒಂದು ಕಲ್ಲುಪ್ಪು ಇಟ್ಟುಕೊಂಡು, ಅಪ್ಪನಿಗೆ ಕಾಣುವಂತೆ ಎದುರಿಗೆ ಕೂತು ತಿನ್ನುತ್ತಿದ್ದಳು. ಅದಕ್ಕಿಂತ ಜಗಳವೇ ವಾಸಿಯಿತ್ತು. ಇಷ್ಟಾದರೂ ಮಹಡಿ ತುಂಬಲಿಲ್ಲ. ನಮ್ಮ ಬೀದಿಗೆ ಮನೆ ಹುಡುಕಿಕೊಂಡು ಬರುತ್ತಿದ್ದವರಲ್ಲಿ ಹತ್ತಕ್ಕೆ ಒಂಬತ್ತು ಜನ ಬೋರ್ಡು ಓದಿ ಮುಂದೆ ಹೋಗುತ್ತಿದ್ದರು. ಉಳಿದ ಒಬ್ಬರು ಬೋರ್ಡು ಓದಿ, ಬೀದಿ ನೋಡಿ, ಮುಂದೆ ಹೋಗುತ್ತಿದ್ದರು.

ಶ್ರಾವಣ ಮುಗಿಯುವ ಹೊತ್ತಿಗೆ ಅಪ್ಪನಿಗೆ ಒಬ್ಬ ಪಿ.ಜಿ. ನಡೆಸುವವನು ಗಂಟುಬಿದ್ದ. ಮಹಡಿಯ ಜೊತೆಗೆ ಹಿತ್ತಲೂ ಬೇಕು, ಹುಡುಗರಿಗೆ ಅಡುಗೆ ಮಾಡಲು ಅಲ್ಲಿ ದೊಡ್ಡ ಶೆಡ್ಡು ಹಾಕುತ್ತೇನೆ, ಬಾವಿ ಮುಚ್ಚಬೇಕಾಗುತ್ತೆ ಅಂದನಂತೆ. ಅಪ್ಪ ಅದನ್ನು ಊಟಕ್ಕೆ ಕೂತಾಗ, ಅನ್ನ ಕಲಸುತ್ತಾ, ತುಂಬಾ ಸಾಮಾನ್ಯ ವಿಷಯ ಅನ್ನುವಂತೆ ಹೇಳಿದ. ಆಯುಧಪೂಜೆಯೊಳಗೆ ಬಾಡಿಗೆಯವರು ಸಿಗದಿದ್ದರೆ ಅವನಿಗೇ ಕೊಟ್ಟುಬಿಡುತ್ತೇನೆ ಅಂದ. ಅಜ್ಜಿಯ ಕೈ ತಟ್ಟೆಯಲ್ಲೇ ನಿಂತಿತು.

"ಒಳಗೆ ಗ್ಯಾಸ್ ಐತಲ್ಲವ್ವ. ಈ ವಯಸ್ಸಲ್ಲಿ ಆ ಹೊಗೆ ಯಾಕೆ ನಿಂಗೆ?"

"ಹೊಲ ಲೇಔಟ್ ಆಯ್ತು, ಸುಮ್ಕಿದ್ದೆ. ಕೊಟ್ಟಿಗೆ ನಿನ್ ಸಿಮೆಂಟ್ ಗೋಡೌನ್ ಆಯ್ತು, ಸುಮ್ಕಿದ್ದೆ. ಆ ಒಲೆ ಮುಂದೆ ಕುಂತಾಗ ಮಾತ್ರ ಕಣೋ ಇದು ನನ್ ಮನೆ ಅನ್ನಿಸಾದು. ಅದನ್ನೂ ಕಿತ್ಕತೀಯಾ ನಾಗರಾಜ?"

ಅಪ್ಪ ಮತ್ತೆ ಅನ್ನ ಕಲಸತೊಡಗಿದ. ಅವನು ಕೆಟ್ಟವನಲ್ಲ, ಆದರೆ ಖಾಲಿ ಮಹಡಿ ಅವನಿಗೆ ಅವಮಾನವಾಗಿತ್ತು. ಅಂಗಡಿಗೆ ಬಂದವರೆಲ್ಲ ಇನ್ನೂ ಯಾರೂ ಬರಲಿಲ್ವಾ ಅಂತ ಕೇಳುತ್ತಿದ್ದರು. ಅಜ್ಜಿ ತಟ್ಟೆ ಪಕ್ಕಕ್ಕೆ ಸರಿಸಿ, "ಹಬ್ಬದ ತಂಕ ಆ ಬೋರ್ಡು ನಂಗೆ ಕೊಡು" ಅಂದಳು. ಅಪ್ಪ ನಕ್ಕುಬಿಟ್ಟ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಬಸ್ಸಿನ ನಂಬರು ಕೂಡ ಆಕಾರ ನೋಡಿ ಗುರುತು ಹಿಡಿಯುತ್ತಿದ್ದಳು. ಬೋರ್ಡು ತಗೊಂಡು ಏನು ಮಾಡ್ತೀಯ ಅಂದದ್ದಕ್ಕೆ ನನ್ನನ್ನು ತೋರಿಸಿ, "ಬರೆಯಕ್ಕೆ ಇವಳವಳೆ" ಅಂದಳು. ನನ್ನ ಬರವಣಿಗೆಯ ನೌಕರಿ ಶುರುವಾಗಿದ್ದು ಹಾಗೆ.

ಮಾರನೇ ದಿನ ತಗಡಿನ ಹಿಂಬದಿಗೆ ಕರಿ ಬಣ್ಣ ಬಳಿದು ಒಣಗಿಸಿದೆವು. ಶಾಲೆಯಿಂದ ತಂದ ಸೀಮೆಸುಣ್ಣ ನನ್ನ ಕೈಯಲ್ಲಿ. ಅಜ್ಜಿ ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ: ತೇಗದ ಬಾಗಿಲು, ಮೊಸಾಯಿಕ್ ನೆಲ, ಗಾಳಿ ಬೆಳಕು, ಎರಡು ಕಡೆ ಕಿಟಕಿ, ಅರವತ್ತು ವರ್ಷದ ಮನೆತನ, ಊರಿಗೇ ಮೊದಲ ಮಹಡಿ. ಜಾಗ ಸಾಲದೆ ಕೊನೆಯ ಸಾಲುಗಳು ಇರುವೆ ಸಾಲಿನಂತಾದವು. ಗೇಟಿಗೆ ತೂಗುಹಾಕಿ ನಾವಿಬ್ಬರೂ ಜಗಲಿಯ ಮೇಲೆ ಕೂತೆವು. ಅಜ್ಜಿ ಮೊರದಲ್ಲಿ ಸೊಪ್ಪು ಬಿಡಿಸುವ ನೆಪದಲ್ಲಿ ಬೀದಿ ನೋಡುತ್ತಿದ್ದಳು. ಅಕ್ಷರ ಓದಲು ಬಾರದ ಅವಳು ಓದುವವರ ಮುಖ ಓದುತ್ತಿದ್ದಳು. ಕಣ್ಣು ಬೋರ್ಡಿನ ಯಾವ ಸಾಲಿಗೆ ನಿಂತಿತು, ಕಾಲು ಯಾವಾಗ ಮುಂದಕ್ಕೆ ಹೊರಟಿತು ಅಂತ ಅವಳಿಗೆ ಗೊತ್ತಾಗುತ್ತಿತ್ತು. ಮೂರು ದಿನ ನೋಡಿ, "ಎಲ್ರೂ ಮೊದಲ್ನೇ ಸಾಲಿಗೇ ಹೊಂಟೋಗ್ತಾವ್ರೆ" ಅಂದಳು. ನಾಲ್ಕನೇ ದಿನ ಅವಳಿಂದ ತಡೆಯಲಾಗಲಿಲ್ಲ. ದಿನಾ ಬೆಳಿಗ್ಗೆ ಟಿಫಿನ್ ಬ್ಯಾಗು ಹಿಡಿದು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಗಾಡಿ ಹತ್ತಲು ಆ ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳಿದ್ದಳು, ಸುಶೀಲ ಅಂತ. ಸಂಜೆ ಬರುವಾಗ ಬೋರ್ಡು ಓದಿ ಮುಂದೆ ಹೊರಟವಳನ್ನು ಅಜ್ಜಿ ಕೂಗಿ ನಿಲ್ಲಿಸಿದಳು.

"ಏನವ್ವಾ, ಓದ್ಬುಟ್ಟು ಹಂಗೇ ಹೊಂಟೋದೆ? ಏನ್ ಕಮ್ಮಿ ಆಯ್ತು ಅದ್ರಲ್ಲಿ?"

"ಕಮ್ಮಿ ಏನಿಲ್ಲ ಅಜ್ಜಿ, ಜಾಸ್ತಿ ಆಯ್ತು. ತೇಗದ ಬಾಗ್ಲು ಅಂದ್ರೆ ಅದಕ್ಕೆ ಗೀರು ಬಿದ್ರೆ ಬೈತಾರೆ ಅನ್ನಿಸ್ತು."

ಅಜ್ಜಿ ಸೊಪ್ಪಿನ ಮೊರ ಪಕ್ಕಕ್ಕಿಟ್ಟಳು. ಅವತ್ತಿನಿಂದ ಒಂದು ವಾರ ಅವಳ ಕೆಲಸ ಅದೇ. ಹೂವಿನವಳನ್ನು, ಆಸ್ಪತ್ರೆಗೆ ಹೋಗುವ ನರ್ಸಮ್ಮನನ್ನು, ಆಟೋದವನನ್ನು, ಯಾರನ್ನೂ ಬಿಡಲಿಲ್ಲ. ಈಗಿರುವ ಮನೆಯಲ್ಲಿ ಏನು ಕಷ್ಟ ಅಂತ ಕೇಳುವುದು, ಅವರು ಹೇಳುವುದನ್ನು ಕೇಳಿಸಿಕೊಳ್ಳುವುದು, ನಡುವೆ ಬಾಯಿ ಹಾಕದಿರುವುದು. ಮನೆಯಲ್ಲಿ ಯಾರಿಗೂ ಮಾತು ಮುಗಿಸಲು ಬಿಡದ ನಮ್ಮಜ್ಜಿ ಬೀದಿಯಲ್ಲಿ ಇಷ್ಟು ಸುಮ್ಮನಿರಬಲ್ಲಳು ಅನ್ನುವುದು ನನಗೆ ಆಶ್ಚರ್ಯವಾಗಿತ್ತು. ಒಬ್ಬರೂ ಬಾಗಿಲಿನ ಬಗ್ಗೆ, ನೆಲದ ಬಗ್ಗೆ ಮಾತಾಡಲಿಲ್ಲ. ನೆಂಟರು ಬಂದರೆ ಓನರ್ ಮೋಟಾರ್ ಆಫ್ ಮಾಡ್ತಾರೆ, ಮೀನು ಹುರಿದರೆ ಕೆಳಗಿಂದ ಕೂಗ್ತಾರೆ, ಮಗು ಓಡಾಡಿದರೆ ಕೋಲಲ್ಲಿ ಸೂರು ಬಡೀತಾರೆ, ಕೆಲಸ ಮುಗಿಸಿ ಬರೋದು ತಡವಾದರೆ ಗೇಟಿಗೆ ಬೀಗ. ಎಲ್ಲರ ಮಾತಿನಲ್ಲೂ ಇದ್ದದ್ದು ಓನರ್ ಅನ್ನುವ ಒಂದೇ ಪ್ರಾಣಿ. ವಾರ ಮುಗಿದ ರಾತ್ರಿ ಊಟಕ್ಕೆ ಅಪ್ಪ ಕೂತಾಗ ಅಜ್ಜಿ ಅವನನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

ಎರಡನೇ ಬೋರ್ಡು ಹಾಗಾಗಿ ಒಂದು ಆಣೆ ಪ್ರಮಾಣದಂತೆ ಆಯಿತು: ನಾವು ಬೈಯುವುದಿಲ್ಲ, ನೀರು ನಿಲ್ಲಿಸುವುದಿಲ್ಲ, ಸೂರು ಬಡಿಯುವುದಿಲ್ಲ, ಗೇಟಿಗೆ ಬೀಗ ಹಾಕುವುದಿಲ್ಲ. ನನಗಂತೂ ಅದು ಬಹಳ ಹಿಡಿಸಿತ್ತು. ಹೂವಿನವಳು ಓದಿಸಿಕೊಂಡು ಬಿದ್ದು ಬಿದ್ದು ನಕ್ಕಳು. ಬೈಯಲ್ಲ ಅಂತ ಬೋರ್ಡು ಹಾಕೋ ಅಷ್ಟು ಬೈತೀರಾ ಅಂತ ಗೊತ್ತಾಯ್ತು ಬಿಡಿ ಅಂದಳು. ಅಜ್ಜಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅವಳೂ ನಕ್ಕಳು, ಒದ್ದೆ ಬಟ್ಟೆಯಿಂದ ತಗಡನ್ನು ಒರೆಸಿದಳು. ಅಲ್ಲಿಂದ ಮುಂದೆ ಅವಳು ಕಂಡುಕೊಂಡ ಕ್ರಮವನ್ನು ನಾನು ಇವತ್ತಿಗೂ ಬೇರೆಲ್ಲೂ ಕಂಡಿಲ್ಲ. ಒಂದು ಸಾಲು ಬರೆದ ಕೂಡಲೆ ನನ್ನ ಕೈಗೆ ಅಮ್ಮನ ತರಕಾರಿ ಬ್ಯಾಗು ಕೊಟ್ಟು, ಬೀದಿಯ ಕೊನೆಗೆ ಹೋಗಿ ಬಾ ಅನ್ನುತ್ತಿದ್ದಳು. ಬರುವಾಗ ನಾನು ಪದ್ಮ ಅಲ್ಲ. ಬೆಳಿಗ್ಗೆಯಿಂದ ಮೆಷಿನ್ನಿನ ಮುಂದೆ ಕೂತು ಸೊಂಟ ನೋಯುತ್ತಿರುವ ಹೆಂಗಸು, ಮನೆಯಲ್ಲಿ ಚಿಕ್ಕ ಮಗುವಿದೆ, ಈಗಿರುವ ಮನೆಯ ಓನರ್ ಖಾಲಿ ಮಾಡು ಅಂದಿದ್ದಾನೆ. ಹಾಗೆ ನಡೆದು ಬಂದು, ಗೇಟಿನ ಮುಂದೆ ನಿಂತು, ಬೋರ್ಡು ಓದಬೇಕು. ಮೊದಲ ಸಲ ನಾನು ಕುಣಿಯುತ್ತಾ ಬಂದೆ. ಬ್ಯಾಗಿನಲ್ಲಿ ಎರಡು ಇಟ್ಟಿಗೆ ಹಾಕಿ ವಾಪಸ್ ಕಳಿಸಿದಳು.

"ಈಗ ಓದು. ಹೆಂಗನ್ನಿಸ್ತು?"

"ಚೆನ್ನಾಗಿದೆ ಅಜ್ಜಿ."

"ಚೆಂದಾಗಿ ಐತಾ ಅಂತ ಯಾರ್ ಕೇಳಿದ್ರು ನಿನ್ನ? ಗೇಟ್ ತಗ್ದು ಒಳಕ್ ಬರಾಣ ಅನ್ನಿಸ್ತಾ ಇಲ್ವಾ, ಅದ್ನ ಹೇಳು."

ಅನ್ನಿಸಲಿಲ್ಲ ಅಂದರೆ ಒರೆಸಿ ಬೇರೆ ಬರೆಸುತ್ತಿದ್ದಳು. ಸುಳ್ಳು ಹೇಳಿ ಅನ್ನಿಸಿತು ಅಂದರೆ ಅದೂ ಅವಳಿಗೆ ಗೊತ್ತಾಗುತ್ತಿತ್ತು, ಮತ್ತೆ ಇಟ್ಟಿಗೆ ಹೊತ್ತು ಬೀದಿಯ ಕೊನೆಗೆ ಹೋಗಬೇಕಿತ್ತು. ಈಗ ನಾನು ಹೊಟ್ಟೆಪಾಡಿಗೆ ಅಪಾರ್ಟ್‌ಮೆಂಟುಗಳ ಜಾಹೀರಾತು ಬರೆಯುತ್ತೇನೆ. ನನ್ನ ಆಫೀಸಿನಲ್ಲಿ ಟಾರ್ಗೆಟ್ ಆಡಿಯನ್ಸ್ ಅಂತ ದಿನಕ್ಕೆ ನೂರು ಸಲ ಕೇಳಿಸುತ್ತದೆ. ಗೋಡೆಯ ಮೇಲೆ ಚಿತ್ರ ಬರೆಯುತ್ತಾರೆ, ಬಣ್ಣದ ಚೀಟಿ ಅಂಟಿಸುತ್ತಾರೆ. ನಾನು ಬರೆದದ್ದನ್ನು ಹುಡುಗರು ಚೆನ್ನಾಗಿದೆ ಮೇಡಂ, ಸಖತ್ತಾಗಿದೆ ಮೇಡಂ ಅಂತ ಹೊಗಳಿದಾಗ ನನಗೆ ಭಯವಾಗುತ್ತದೆ. ಸೊಂಟ ನೋಯುತ್ತಿರುವ ಯಾರೋ ಒಬ್ಬರು ಅದನ್ನು ಓದಿದರೆ ಒಳಗೆ ಬರುತ್ತಾರಾ ಅನ್ನುವುದಷ್ಟೇ ನನಗೆ ಬೇಕು. ಇದನ್ನು ನನಗೆ ಕಲಿಸಿದವಳಿಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ ಅನ್ನುವುದನ್ನು ನಾನು ಯಾವ ಇಂಟರ್‌ವ್ಯೂನಲ್ಲೂ ಹೇಳಿಲ್ಲ, ಹೇಳಬೇಕಿತ್ತು.

ನವರಾತ್ರಿ ಶುರುವಾಗುವ ಹಿಂದಿನ ದಿನ ಬೋರ್ಡು ಸಿದ್ಧವಾಯಿತು. 'ಮೇಲೆ ಮನೆ ಖಾಲಿ ಇದೆ. ಯಾರು ಬೇಕಾದರೂ ಬಂದು ನೋಡಿ. ನಿಮಗೆ ಇಷ್ಟವಾದದ್ದು ಬೇಯಿಸಿಕೊಳ್ಳಿ, ನಾವೂ ಕೋಳಿ ಸಾರು ಮಾಡುತ್ತೇವೆ. ನೆಂಟರು ಬಂದರೆ ಬಾವಿಯಲ್ಲಿ ನೀರಿದೆ. ನೀವು ಬರುವುದು ತಡವಾದರೆ ಅಜ್ಜಿ ಎದ್ದಿರುತ್ತಾಳೆ.' ಕೊನೆಯ ಸಾಲು ಓದುವಾಗ ನನಗೆ ಬ್ಯಾಗಿನ ಇಟ್ಟಿಗೆ ಮರೆತುಹೋಗಿ, ಕೈ ತಾನಾಗಿ ಗೇಟಿನ ಮೇಲೆ ಹೋಗಿತ್ತು. ಅಜ್ಜಿ ಏನೂ ಕೇಳದೆ, "ಆಯ್ತು, ತೂಗುಹಾಕು" ಅಂದಳು. ಅಪ್ಪ ಅಂಗಡಿಯಿಂದ ಬಂದವನು ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ ಓದಿದ. ಕೋಳಿ ಸಾರನ್ನು ಬೀದಿಗೆ ಹಾಕಿದ್ದೀಯಲ್ಲ, ಮರ್ಯಾದೆ ಏನಾಗಬೇಕು ಅಂತ ಕೂಗಾಡಿದ. ಹಬ್ಬದ ತನಕ ಬೋರ್ಡು ಅಜ್ಜಿಯದು ಅಂತ ಅಮ್ಮ ಒಳಗಿನಿಂದಲೇ ನೆನಪಿಸಿದಳು. ಅಮ್ಮ ಅಜ್ಜಿಯ ಪರ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಜನ ಬರತೊಡಗಿದರು. ಓದಿ ನಗುತ್ತಾ ಬಂದವರೇ ಹೆಚ್ಚು. ನಾಲ್ಕೇ ದಿನಕ್ಕೆ ಎರಡು ಕುಟುಂಬದವರು ಮನೆ ಹಿಡಿಸಿತು, ಯೋಚಿಸಿ ಹೇಳುತ್ತೇವೆ ಅಂದರು. ಅಪ್ಪನಿಗೆ ಒಳಗೊಳಗೇ ಖುಷಿ, ತೋರಿಸಿಕೊಳ್ಳಲು ಮನಸ್ಸಿಲ್ಲ. ಆಯುಧಪೂಜೆಗೆ ಇನ್ನು ಮೂರು ದಿನವಿರುವಾಗ, ಒಂದು ಭಾನುವಾರ ಬೆಳಿಗ್ಗೆ, ಸುಶೀಲ ತನ್ನ ಗಂಡನನ್ನೂ ನಾಲ್ಕು ವರ್ಷದ ಮಗಳನ್ನೂ ಕರೆದುಕೊಂಡು ಬಂದಳು. ಬೋರ್ಡು ಬದಲಾದಾಗೆಲ್ಲ ಓದುತ್ತಿದ್ದೆ ಅಜ್ಜಿ, ಇವತ್ತು ಧೈರ್ಯ ಬಂತು ಅಂದಳು. ಮಹಡಿ ನೋಡಿದರು. ಮಗು ಖಾಲಿ ಹಾಲ್‌ನಲ್ಲಿ ಆ ಕಡೆಯಿಂದ ಈ ಕಡೆಗೆ ಓಡಿತು, ಯಾರೂ ಸೂರು ಬಡಿಯಲಿಲ್ಲ. ಕೆಳಗೆ ಬಂದ ಮೇಲೆ ಅಜ್ಜಿ ಜಗಲಿಯಲ್ಲಿ ಕೂರಲು ಹೇಳಿದರೆ ಸುಶೀಲ ಕೂರಲಿಲ್ಲ. ಗಂಡನ ಮುಖ ಒಮ್ಮೆ ನೋಡಿದಳು.

"ಅಜ್ಜಿ, ಒಂದ್ ಮಾತು ಮೊದ್ಲೇ ಹೇಳ್ಬಿಡ್ತೀನಿ. ಸಾಮಾನು ಇಟ್ಟ ಮೇಲೆ ಗೊತ್ತಾಗಿ ಖಾಲಿ ಮಾಡಿ ಅಂದ್ರೆ ತಡ್ಕೊಳಕ್ಕಾಗಲ್ಲ. ಎರಡ್ ಸಲ ಆಗಿದೆ ನಮ್ಗೆ."

ಹಾಗೆಂದು ತನ್ನ ಜಾತಿಯ ಹೆಸರು ಹೇಳಿದಳು. ನಮ್ಮ ಹಳ್ಳಿಯಲ್ಲಿ ಆ ಜನರ ಬೀದಿ ಊರಾಚೆ ಇತ್ತು. ಲೇಔಟು ಬಂದು ಊರಿನ ಒಳಗು ಹೊರಗು ಎಲ್ಲ ಕಲಸಿಹೋದ ಮೇಲೂ ನಮ್ಮ ಮನೆಯಲ್ಲಿ ಆ ಗೆರೆ ಅಳಿಸಿರಲಿಲ್ಲ. ಅಜ್ಜಿಯನ್ನು ಹೊಗಳಲು ಕೂತವಳು ಇದನ್ನು ಮುಚ್ಚಿಡಬಾರದು: ಯಾರು ಬೇಕಾದರೂ ಬನ್ನಿ ಅಂತ ಬರೆಸುವಾಗ ಅವಳ ಮನಸ್ಸಿನಲ್ಲಿ ಗಾರ್ಮೆಂಟ್ಸಿನವರು, ನರ್ಸುಗಳು, ಬಡವರು ಇದ್ದರು. ಇದು ಇರಲಿಲ್ಲ. ಅವಳ ಮುಖ ಬಿಗಿದದ್ದು ನನಗೆ ಕಾಣಿಸಿತು. ಸುಶೀಲಳಿಗೂ ಕಾಣಿಸಿತು. ಅವಳು ಮಗುವಿನ ಕೈ ಹಿಡಿದುಕೊಂಡಳು. ಅಪ್ಪ ಬಾಗಿಲ ಮರೆಯಿಂದ ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, ಪಿಸುಮಾತು ಅಂದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ.

"ಆಗಲ್ಲ ಅನ್ನವ್ವ. ಇನ್ನೂ ಎರಡು ಮನೆಯವ್ರು ಕೇಳವ್ರಲ್ಲ. ನಿನ್ ಒಲೆ ಎಲ್ಲೂ ಹೋಗಲ್ಲ."

ಅದು ನಿಜವಾಗಿತ್ತು. ಒಲೆ ಆಗಲೇ ಉಳಿದಾಗಿತ್ತು. ಒಂದು ಇಲ್ಲ ಅಂದರೆ ಮುಗಿಯಿತು, ಅಜ್ಜಿ ಏನನ್ನೂ ಕಳೆದುಕೊಳ್ಳುತ್ತಿರಲಿಲ್ಲ. ಅವಳು ಗೇಟಿನ ಬೋರ್ಡನ್ನು ನೋಡಿ ನನ್ನ ಕಡೆ ತಿರುಗಿದಳು.

"ಪದ್ದಿ, ಬೋರ್ಡು ಓದು."

"ನಿಂಗೇ ಗೊತ್ತಲ್ಲಜ್ಜಿ."

"ಓದು ಅಂದೆ."

ನಾನು ಗೇಟಿನ ಹತ್ತಿರ ಹೋಗಿ ಗಟ್ಟಿಯಾಗಿ ಓದಿದೆ. ಮೇಲೆ ಮನೆ ಖಾಲಿ ಇದೆ. ಯಾರು ಬೇಕಾದರೂ ಬಂದು ನೋಡಿ. ಅಷ್ಟಕ್ಕೇ ಅಜ್ಜಿ ಕೈಯೆತ್ತಿ ಸಾಕು ಅಂದಳು.

"ಕೇಳಿಸ್ತೇನೋ ನಾಗರಾಜ? ನಾನ್ ಬರೆಸಿದ್ದನ್ನ ನಂಬ್ಕಂಡು ಬಂದವ್ರೆ. ಈಗ ಬಾಯಲ್ಲಿ ಬೇರೆ ಹೇಳಾದಾ?"

ಅಪ್ಪ ಒಳಗೆ ಹೋದ. ಸುಶೀಲ ಇನ್ನೂ ನಿಂತೇ ಇದ್ದಳು. ಅಮ್ಮ ಕಾಫಿ ತಂದಳು. ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ ಎರಡು ಅಲ್ಯೂಮಿನಿಯಂ ಲೋಟ ಬೋರಲು ಹಾಕಿರುತ್ತಿದ್ದವು, ಆ ಜನ ಕೆಲಸಕ್ಕೆ ಬಂದಾಗ ಕೊಡಲೆಂದು ಅಜ್ಜಿಯೇ ಎಷ್ಟೋ ವರ್ಷಗಳ ಹಿಂದೆ ಬೇರೆ ಇಟ್ಟಿದ್ದು. ಅಮ್ಮ ಬೇಕೆಂದು ಮಾಡಿದ್ದಲ್ಲ, ಕೈ ರೂಢಿಯಂತೆ ಹೋಗಿತ್ತು. ತಟ್ಟೆಯಲ್ಲಿ ಆ ಎರಡು ಲೋಟಗಳೇ ಇದ್ದವು. ಸುಶೀಲ ಅವನ್ನು ನೋಡಿದಳು. ಆದರೂ ಕೈ ಚಾಚಿದಳು. ಅಜ್ಜಿ ಅವಳಿಗಿಂತ ಮೊದಲೇ ಎದ್ದು ತಟ್ಟೆಯನ್ನು ತಾನೇ ತೆಗೆದುಕೊಂಡು ಒಳಗೆ ಹೋದಳು. ಹೊರಗೆ ಬಂದಾಗ ಕಾಫಿ ನಮ್ಮ ಸ್ಟೀಲ್ ಲೋಟಗಳಲ್ಲಿತ್ತು. ಒಂದು ಅಜ್ಜಿ ದಿನಾ ತಾನು ಕುಡಿಯುವ ಲೋಟ. ಕಾಫಿ ಅಂಚಿನಿಂದ ಚೆಲ್ಲಿ ಅವಳ ಬೆರಳ ಮೇಲೆ ಇಳಿಯುತ್ತಿತ್ತು. ಆ ಲೋಟವನ್ನು ಸುಶೀಲಳ ಕೈಗೇ ಕೊಟ್ಟು, ಜಗಲಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು.

"ಕುಂತ್ಕಂಡು ಕುಡಿಯವ್ವ. ಆರೋಯ್ತದೆ."